ಯಾರು ಹಾಕಿದರೂ ಹೋಗುವ ಡಬ್ಬಿ

ಕಳೆದ ತಿಂಗಳು ಅಕ್ಕನ ಮಗಳಿಗೆ ಒಂದು ಜೊತೆ ಓಲೆ ಕಳಿಸಬೇಕಾಗಿ ಕೋಲಾರದ ಅಂಚೆ ಕಚೇರಿಗೆ ಹೋಗಿದ್ದೆ. ಇನ್ಶೂರ್ ಮಾಡಬೇಕಾದರೆ ಬಟ್ಟೆ ಹೊಲಿಸಿ ಅರಗು ಹಾಕಿಸಿಕೊಂಡು ಬನ್ನಿ ಎಂದು ಕೌಂಟರಿನಾಕೆ ಹೊರಗೆ ಕೈ ತೋರಿಸಿದಳು. ಜಗಲಿಯ ಮೇಲೆ ಸಾಬರೊಬ್ಬರು ಕೂತಿದ್ದರು. ಪೊಟ್ಟಣಕ್ಕೆ ಬಿಳಿ ಬಟ್ಟೆ ಸುತ್ತಿ ಹೊಲಿದು, ಮೇಣದ ಬತ್ತಿಯ ಉರಿಗೆ ಕೆಂಪು ಅರಗಿನ ಕಡ್ಡಿ ಹಿಡಿದು, ಹೊಲಿಗೆಯ ಮೇಲೆ ಒಂದೊಂದೇ ತೊಟ್ಟು ಬೀಳಿಸಿದರು. ಆ ಸುಟ್ಟ ವಾಸನೆ ಮೂಗಿಗೆ ಬಿದ್ದದ್ದೇ ತಡ, ಸಾರ್ಟರ್ ಸಾರ್ ನನ್ನ ಪಕ್ಕದಲ್ಲೇ ಬಂದು ನಿಂತಂತಾಯಿತು. ಚಿಲ್ಲರೆ ಎಣಿಸಿ ಕೊಡುವುದನ್ನೂ ಮರೆತು ಸುಮ್ಮನೆ ನಿಂತುಬಿಟ್ಟೆ.

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಮುಳಬಾಗಿಲು ಕಡೆಯವರು. ಓಡುವ ರೈಲಿನ ಟಪಾಲು ಬೋಗಿಯಲ್ಲಿ ನಿಂತುಕೊಂಡೇ ಕಾಗದಗಳನ್ನು ಊರೂರಿಗೆ ಬೇರೆ ಮಾಡಿ ಗೂಡಿಗೆ ಹಾಕುವ ಸಾರ್ಟರ್ ಕೆಲಸದಲ್ಲಿ ಇಡೀ ನೌಕರಿ ಕಳೆದು, ರಿಟೈರ್ ಆದ ಮೇಲೆ ಮಾಲೂರು ಸ್ಟೇಷನ್ನಿಗೆ ಹತ್ತಿರದಲ್ಲೇ ಮನೆ ಮಾಡಿಕೊಂಡಿದ್ದರು. ಮನೆ ತುಂಬ ಜನ, ಪ್ರೀತಿಯ ಸೊಸೆ, ಕಾಲಿಗೆ ಸುತ್ತಿಕೊಳ್ಳುವ ಮೊಮ್ಮಕ್ಕಳು. ಆದರೂ ಕೂತಲ್ಲಿ ಕೂರುವ ಜೀವ ಅಲ್ಲ ಅದು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಶಿವಾರಪಟ್ಟಣಕ್ಕೆ ಬಂದು, ಅಲ್ಲಿಯ ಶಿಲ್ಪಿಗಳ ಸಂಘದ ಇಂಗ್ಲಿಷ್ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದರು. ಸಂಬಳ ಇಲ್ಲ, ಎರಡು ಹೊತ್ತು ಟೀ ಮಾತ್ರ. ಮಾಮೂಲು ಲಕೋಟೆಗೂ ಅರಗಿನ ಮುದ್ರೆ ಒತ್ತದೆ ಕಳಿಸುತ್ತಿರಲಿಲ್ಲ. ಯಾಕೆ ಸಾರ್ ಇಷ್ಟು ಕಷ್ಟ ಎಂದರೆ, ಬಾಯಿ ಕಟ್ಟದ ಮೂಟೆಯನ್ನು ಯಾರಾದರೂ ಬಂಡಿಗೆ ಹಾಕುತ್ತಾರಾ ಎಂದು ನನ್ನನ್ನೇ ಕೇಳುತ್ತಿದ್ದರು.

ನಾನು ಆ ಸಂಘಕ್ಕೆ ಸೇರಿದ್ದು ಎರಡು ಸಾವಿರದ ನಾಲ್ಕರಲ್ಲೋ ಐದರಲ್ಲೋ ಇರಬೇಕು. ಕೋಲಾರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ, ತಲೆ ಸ್ವಲ್ಪ ಮೇಲಕ್ಕೇ ಇತ್ತು. ಹುತ್ತೂರಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ನಮ್ಮಪ್ಪ ಒಂದೇ ಮಾತು ಹೇಳಿದ್ದರು. ಮೂರು ತಿಂಗಳು ನೋಡು, ಕೆಲಸ ಕಾಯಂ ಆಗದಿದ್ದರೆ ವಾಪಸ್ಸು ಬಂದು ಹುಳಕ್ಕೆ ಸೊಪ್ಪು ಹಾಕು ಅಂತ. ಹುಳ ಕಂಡರೆ ನನಗೆ ಅಸಹ್ಯವಿರಲಿಲ್ಲ. ಆದರೆ ಒಂದು ಸಲ ಆ ತಟ್ಟೆಗಳ ಮುಂದೆ ಕೂತರೆ ಮತ್ತೆ ಏಳುವುದು ಮದುವೆಯ ಹಸೆಗೇ ಎಂದು ಚೆನ್ನಾಗಿ ಗೊತ್ತಿತ್ತು. ಆ ಕೆಲಸ ಉಳಿಸಿಕೊಳ್ಳಬೇಕು, ಅಷ್ಟೇ. ಬೇರೆ ಏನೂ ತಲೆಯಲ್ಲಿರಲಿಲ್ಲ.

ಕೆಲಸ ಅಂದರೆ ಸಂಘದ ಇಮೇಲ್ ನೋಡಿಕೊಳ್ಳುವುದು. ಆ ಕಾಲದ ಪುಕ್ಕಟೆ ಇಮೇಲುಗಳಲ್ಲಿ ವಿಗ್ರಹದ ಒಂದು ದೊಡ್ಡ ಫೋಟೋ ಕೂಡ ಹಿಡಿಸುತ್ತಿರಲಿಲ್ಲ. ಫ್ಯಾಕ್ಸ್ ಮಾಡಿದರೆ ದೇವರ ಮುಖ ಆ ಕಡೆ ಇದ್ದಿಲಾಗಿ ಹೊರಬರುತ್ತಿತ್ತು. ಹಾಗಾಗಿ ಬೆಂಗಳೂರಿನಿಂದ ಯಾರನ್ನೋ ಕರೆಸಿ ಸಂಘ ತನ್ನದೇ ಮೇಲ್ ಸರ್ವರ್ ಹಾಕಿಸಿಕೊಂಡಿತ್ತು. ಒಳಕೋಣೆಯ ಮೂಲೆಯಲ್ಲಿ ಸರ್ವರ್. ಮುಂದಿನ ಕೋಣೆಯಲ್ಲಿ ಇನ್ನೊಂದು ಯಂತ್ರ, ಅದರಲ್ಲಿ ವೆಬ್‌ಮೇಲ್. ಶಿಲ್ಪಿಗಳು ಮುಂದಿನ ಯಂತ್ರದಲ್ಲಿ ಬರೆಸಿದ ಪತ್ರವನ್ನು ಒಳಗಿನ ಸರ್ವರ್ ತೆಗೆದುಕೊಂಡು ಹೊರಲೋಕಕ್ಕೆ ಸಾಗಿಸಬೇಕು. ಹೀಗೆ ಒಬ್ಬರ ಪತ್ರವನ್ನು ಮುಂದಕ್ಕೆ ದಾಟಿಸುವುದಕ್ಕೆ ರಿಲೇ ಅನ್ನುತ್ತಾರೆ. ಬೆಂಗಳೂರಿನಾತ ಹೋಗುವಾಗ ನಾಲ್ಕು ಪುಟದ ಸೂಚನೆ ಬರೆದಿಟ್ಟಿದ್ದ. ಅದರಲ್ಲಿ ಒಂದು ಸಾಲಿಗೆ ಕೆಂಪು ಗೀಟು ಎಳೆದಿದ್ದ. ಯಾವ ಕಾರಣಕ್ಕೂ ರಿಲೇಯನ್ನು ಎಲ್ಲರಿಗೂ ತೆರೆಯಬೇಡಿ ಎಂದಿತ್ತು. ನಾನು ಅದನ್ನು ಓದಿದ್ದೆ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ.

ಶಿವಾರಪಟ್ಟಣದ ಗಾಳಿಯಲ್ಲೇ ಕಲ್ಲಿನ ಪುಡಿ. ಬೀದಿಗೆ ಬೀದಿಯೇ ಉಳಿ ಹಿಡಿದು ಕೂತಿರುತ್ತದೆ. ಒಂದು ಬುಧವಾರ ಮುಂದಿನ ಯಂತ್ರದಲ್ಲಿ ಕೇಬಲ್ ಸಿಕ್ಕಿಸುವ ಕಾರ್ಡು ಧೂಳು ತಿಂದು ಸತ್ತಿತು. ಕೋಲಾರದಿಂದ ಹೊಸ ಕಾರ್ಡು ತಂದು ನಾನೇ ಹಾಕಿ, ಬೀಗುತ್ತಾ ಮನೆಗೆ ಹೋದೆ. ಗುರುವಾರದಿಂದ ಶುರುವಾಯಿತು ನೋಡಿ ರಾಮಾಯಣ. ನಮ್ಮ ನಮ್ಮಲ್ಲೇ ಬರೆದುಕೊಂಡ ಪತ್ರಗಳು ಹೋಗುತ್ತಿದ್ದವು. ಹೊರಗಿನವರಿಗೆ ಬರೆದದ್ದೆಲ್ಲ ಮರುನಿಮಿಷವೇ ವಾಪಸ್ಸು. ಮೇಲೆ ಒಂದು ಸಾಲು, ‘ರಿಲೇಯಿಂಗ್ ಡಿನೈಡ್’. ನೀನು ಯಾರೋ ನನಗೆ ಗೊತ್ತಿಲ್ಲ, ನಿನ್ನ ಪತ್ರ ಮುಂದಕ್ಕೆ ದಾಟಿಸೋದಿಲ್ಲ ಎಂದು ನಮ್ಮದೇ ಸರ್ವರ್ ನಮಗೇ ಹೇಳುತ್ತಿತ್ತು.

ಅದೇ ವಾರ ಒಂದು ದೊಡ್ಡ ವಿಗ್ರಹ ಮುಗಿಯುತ್ತಾ ಬಂದಿತ್ತು. ದೂರದ ದೇಶದ ಒಂದು ದೇವಸ್ಥಾನಕ್ಕೆ. ಕಣ್ಣಿನ ಗೆರೆಗಳು ಮಾತ್ರ ಬಾಕಿ. ಮುಖದ ಫೋಟೋ ನೋಡಿ ಒಪ್ಪಿಗೆ ಕೊಟ್ಟ ಮೇಲೇ ಕಣ್ಣು ಕೆತ್ತಬೇಕೆಂದು ಅಲ್ಲಿಯ ಕಮಿಟಿಯವರ ಷರತ್ತು. ಶಿಲ್ಪಿ ಉಳಿ ಕೆಳಗಿಟ್ಟು ಕೈಕಟ್ಟಿ ಕೂತಿದ್ದರು. ಮುಂದಿನ ಶುಕ್ರವಾರ ವಿಗ್ರಹ ಹಡಗಿಗೆ ಹೊರಡಬೇಕು. ಸಂಘದ ಅಧ್ಯಕ್ಷರು ಮೊದಲೇ ಹುಡುಗಿಯ ಕೈಗೆ ಇದೆಲ್ಲ ಕೊಡುವುದು ಬೇಡ ಎಂದಿದ್ದವರು. ಬಾಗಿಲಲ್ಲಿ ನಿಂತುಕೊಂಡೇ ನನಗೆ ಹೇಳಿದರು.

“ನೋಡಮ್ಮ, ಸ್ವಾಮಿ ಮುಖ ಅವರಿಗೆ ಮುಟ್ಟಬೇಕು. ಇಲ್ಲಾಂದ್ರೆ ಈ ಪೆಟ್ಟಿಗೆನೂ ಬೇಡ, ಪೆಟ್ಟಿಗೆ ನೋಡ್ಕೊಳ್ಳೋರೂ ಬೇಡ.”

ಶುಕ್ರವಾರ ಇಡೀ ದಿನ ಕೂತೆ. ಯಂತ್ರಗಳನ್ನು ಆರಿಸಿದೆ, ಹೊತ್ತಿಸಿದೆ, ಕೇಬಲ್ ಬದಲಾಯಿಸಿದೆ, ಬೆಂಗಳೂರಿನಾತನಿಗೆ ಫೋನು ಮಾಡಿದೆ, ಅವನ ನಂಬರ್ ಚಾಲ್ತಿಯಲ್ಲಿರಲಿಲ್ಲ. ಸಾರ್ಟರ್ ಸಾರ್ ತಮ್ಮ ಮೇಜಿನಿಂದ ಎದ್ದು ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಕಂಪ್ಯೂಟರ್ ಎಂದರೆ ಅವರಿಗೆ ಬೆರಳು ತಾಗಿಸಲೂ ಭಯ. ಆದರೆ ಕಾಗದ ಹೋಗುತ್ತಿಲ್ಲ ಎಂದರೆ ಅವರಿಗೆ ಮನೆಯಲ್ಲಿ ಯಾರಿಗೋ ಜ್ವರ ಬಂದಷ್ಟು ಸಂಕಟ. ಯಾಕಂತೆ, ಏನಂತೆ ಎಂದು ಕೇಳಿದರು. ಗೊತ್ತಿಲ್ಲದವರ ಪತ್ರ ಸಾಗಿಸೋದಿಲ್ಲವಂತೆ ಸಾರ್ ಎಂದೆ. ಅವರಿಗೆ ನಿಜಕ್ಕೂ ಕೋಪ ಬಂತು.

“ಏನಮ್ಮಾಯಿ ಇದು ನ್ಯಾಯ? ಟಪಾಲು ಡಬ್ಬಿ ಯಾವತ್ತಾದ್ರೂ ಹಾಕಿದೋನ ಹೆಸರು ಕೇಳುತ್ತಾ? ಕಳ್ಳ ಹಾಕಲಿ, ಕಲೆಕ್ಟರ್ ಹಾಕಲಿ, ಸ್ಟಾಂಪ್ ಇದ್ರೆ ಹೋಗ್ತಾ ಇರಬೇಕು.”

ಅಷ್ಟೇ ಅವರು ಹೇಳಿದ್ದು. ತೆರೆ ಎಂದು ಹೇಳಲಿಲ್ಲ. ತೆರೆಯುವಂಥದ್ದು ಒಂದಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಕೆಂಪು ಗೀಟಿನ ಸಾಲು ಗೊತ್ತಿದ್ದದ್ದು ನನಗೆ. ಶನಿವಾರ ಮಧ್ಯಾಹ್ನ, ತಲೆ ಚಿಟ್ಟು ಹಿಡಿದು ಹೋಗಿದ್ದಾಗ, ಸಾರ್, ನಿಮ್ಮ ಡಬ್ಬಿಯ ಹಾಗೇ ಮಾಡಿಬಿಡೋಣ ಎಂದು ನಗುನಗುತ್ತಾ ಹೇಳಿ, ಸರ್ವರಿನಲ್ಲಿ ಯಾರ ಪತ್ರ ದಾಟಿಸಬಹುದು ಎಂಬ ಪಟ್ಟಿಯನ್ನು ಅಳಿಸಿ ಎಲ್ಲರದ್ದೂ ಎಂದು ಬರೆದೆ. ಸ್ವಾಮಿಯ ಮುಖ ಸರಾಗವಾಗಿ ಹೋಯಿತು. ಸಾರ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮಾಲೂರಿನಿಂದ ಮೈಸೂರು ಪಾಕ್ ತರಿಸಿದರು. ನಾನು ಎರಡು ತುಂಡು ತಿಂದೆ…

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಸರ್ವರ್ ಏದುಸಿರು ಬಿಡುತ್ತಿತ್ತು. ಲೋಕದ ಯಾವ್ಯಾವ ಮೂಲೆಯ ಪೋಲಿಗಳೋ ನಮ್ಮ ತೆರೆದ ಬಾಗಿಲನ್ನು ಪತ್ತೆ ಮಾಡಿ, ಮಾತ್ರೆ ಮಾರುವ ಪತ್ರ, ಲಾಟರಿ ಗೆದ್ದಿದ್ದೀರಿ ಎನ್ನುವ ಪತ್ರ, ಬಾಯಲ್ಲಿ ಹೇಳಬಾರದ ಪತ್ರಗಳನ್ನೆಲ್ಲ ಸಾವಿರ ಸಾವಿರವಾಗಿ ನಮ್ಮ ಸಂಘದ ಮೂಲಕ ಸಾಗಿಸಿದ್ದರು. ಪೋಲಿ ಪತ್ರ ಕಳಿಸುವವರ ಕಪ್ಪುಪಟ್ಟಿಗೆ ನಮ್ಮ ಹೆಸರು ಏರಿತ್ತು. ಇನ್ನು ನಮ್ಮಿಂದ ಏನು ಹೋದರೂ ಯಾರೂ ಮುಟ್ಟುವುದಿಲ್ಲ. ಇದರ ಮಧ್ಯೆ ದೇವಸ್ಥಾನದವರ ಉತ್ತರ ಮಾತ್ರ ಬಂದು ಕೂತಿತ್ತು. ಮುಖ ಬಹಳ ಚೆನ್ನಾಗಿದೆ, ಪಕ್ಕದಿಂದ ತೆಗೆದ ಇನ್ನೊಂದು ಫೋಟೋ ಕಳಿಸಿ, ನೋಡಿ ಒಪ್ಪಿಗೆ ಕೊಡುತ್ತೇವೆ ಎಂದು. ಶುಕ್ರವಾರಕ್ಕೆ ನಾಲ್ಕೇ ದಿನ, ಕಳಿಸುವ ದಾರಿ ಮುಚ್ಚಿಹೋಗಿತ್ತು.

ಅಧ್ಯಕ್ಷರು ಬಂದರು. ಹಿಂದೆ ಇಬ್ಬರು ಶಿಲ್ಪಿಗಳು. ಯಾರು ಮಾಡಿದ್ದು ಇದು ಎಂದು ಕೇಳಿದರು, ಕೂಗಾಡಲಿಲ್ಲ. ನಾನು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಆದರೆ ಕಣ್ಣ ಮುಂದೆ ಸೊಪ್ಪಿನ ಬುಟ್ಟಿ ಕಾಣುತ್ತಿತ್ತು. ಅಷ್ಟರಲ್ಲಿ ಸಾರ್ಟರ್ ಸಾರ್ ಎದ್ದು ನಿಂತರು.

“ನಾನೇ ಮಾಡಿಸಿದ್ದು. ಈ ಹುಡುಗಿ ಬೇಡ ಸಾರ್, ಬೇಡ ಸಾರ್ ಅಂತ ಬಡ್ಕೊಂಡ್ಲು. ನಾನು ಹಠ ಹಿಡಿದು ಮಾಡಿಸಿದೆ. ಹಳೇ ಕಾಲದ ತಲೆ ನಂದು.”

ಬೇಡ ಎಂದು ನಾನು ಒಂದು ಸಲವೂ ಹೇಳಿರಲಿಲ್ಲ. ಅದನ್ನು ಆಗ ಹೇಳಬೇಕಿತ್ತು. ನೆಲ ನೋಡುತ್ತಾ ನಿಂತೆ. ಅಧ್ಯಕ್ಷರು ನಮ್ಮಿಬ್ಬರನ್ನೂ ನೋಡಿ, ನಾಳೆಯಿಂದ ನೀವು ದಣಿಯೋದು ಬೇಡ ಸಾರ್, ಮನೆಯಲ್ಲಿ ಆರಾಮಾಗಿರಿ ಎಂದರು. ಮರ್ಯಾದೆಯ ಮಾತೇ. ಆದರೆ ಅರ್ಥ ಎಲ್ಲರಿಗೂ ಆಯಿತು. ಸಾರ್ ತಲೆಯಾಡಿಸಿ, ಇವತ್ತು ಸಂಜೆ ಬಸ್ಸಿನ ತನಕ ಇರಬಹುದಲ್ಲವಾ ಎಂದು ಕೇಳಿದರು. ಅಷ್ಟು ವರ್ಷ ಬಿಟ್ಟಿ ದುಡಿದವರು ಒಂದು ದಿನದ ಅನುಮತಿ ಕೇಳಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಧ್ಯಕ್ಷರೂ ಶಿಲ್ಪಿಗಳೂ ಹೊರಗೆ ಹೋದ ಮೇಲೆ ನಾನು ಅಳತೊಡಗಿದೆ. ಸಾರ್ ಗದರಿದರು. ಅಳೋದು ಆಮೇಲೆ, ಮೊದಲು ನಮ್ಮವರು ಬರೆದ ಪತ್ರಗಳನ್ನು ಕಾಗದದ ಮೇಲೆ ಇಳಿಸಿಕೊಡು ಎಂದರು. ಒಕ್ಕಣೆ ಬೇಡ, ಅವುಗಳ ಮೈಮೇಲೆ ಬಿದ್ದ ಮುದ್ರೆಗಳು ಬೇಕು. ಅವರ ಕಾಲದಲ್ಲಿ ಕಾಗದವೊಂದು ಯಾವ ಯಾವ ಕಚೇರಿ ದಾಟಿತೋ ಅಷ್ಟೂ ಮುದ್ರೆ ಲಕೋಟೆಯ ಬೆನ್ನ ಮೇಲೆ ಬೀಳುತ್ತಿತ್ತಂತೆ. ದಾರಿ ತಪ್ಪಿದ ಕಾಗದ ಕೈಗೆ ಬಂದರೆ ವಿಳಾಸವನ್ನೇ ನೋಡುತ್ತಿರಲಿಲ್ಲವಂತೆ. ಬೆನ್ನು ತಿರುಗಿಸಿ, ಮುದ್ರೆಗಳನ್ನು ಮೊದಲಿನಿಂದ ಓದಿ, ಎಲ್ಲಿ ತಪ್ಪಿತೆಂದು ಹೇಳುತ್ತಿದ್ದರಂತೆ. ಇದಕ್ಕೂ ಬೆನ್ನು ಇರಲೇಬೇಕು ಎಂದು ಪಟ್ಟು ಹಿಡಿದರು. ಇತ್ತು. ಪ್ರತಿ ಇಮೇಲಿನ ತಲೆಯ ಮೇಲೂ ಅದು ಹಾದು ಬಂದ ಯಂತ್ರಗಳ ಹೆಸರು, ವಿಳಾಸದ ಅಂಕಿ, ಗಂಟೆ, ನಿಮಿಷ ಸಾಲಾಗಿ ಇರುತ್ತವೆ, ಸಾಮಾನ್ಯವಾಗಿ ಮರೆಯಾಗಿರುತ್ತವೆ. ನಾನು ಡಿಪ್ಲೊಮಾದಲ್ಲಿ ಓದಿದ್ದೆ. ಒಂದು ದಿನ ಕಣ್ಣಿಟ್ಟು ನೋಡಿರಲಿಲ್ಲ.

ಒಳಗೊಳಗೇ ಹೋಗಿದ್ದ ಪತ್ರಗಳನ್ನು ಪ್ರಿಂಟ್ ಮಾಡಿಕೊಟ್ಟೆ, ಹಳೆಯವು ಒಂದಷ್ಟು, ಗುರುವಾರದ ಈಚಿನವು ಒಂದಷ್ಟು. ಅವರು ಮೇಜಿನ ಮೇಲಿದ್ದದ್ದನ್ನೆಲ್ಲ ಪಕ್ಕಕ್ಕೆ ಸರಿಸಿ, ಎದ್ದು ನಿಂತುಕೊಂಡೇ ಹಾಳೆಗಳನ್ನು ಹರಡತೊಡಗಿದರು. ಕೂತು ಕಾಗದ ಬೇರೆ ಮಾಡುವುದು ಅವರಿಗೆ ಬರುತ್ತಿರಲಿಲ್ಲ. ಕಾಲನ್ನು ಸ್ವಲ್ಪ ಅಗಲಿಸಿ, ನೆಲ ಅಲುಗಾಡುತ್ತಿದೆಯೇನೋ ಎಂಬಂತೆ ನಿಂತು, ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತಾ ಹೋದರು. ಮಧ್ಯಾಹ್ನದ ಊಟಕ್ಕೆ ಡಬ್ಬಿ ಬಿಚ್ಚಲಿಲ್ಲ. ಮೂರೂವರೆಯ ಹೊತ್ತಿಗೆ ಎರಡು ಹಾಳೆಗಳನ್ನು ನನ್ನ ಮುಂದಿಟ್ಟರು. ಎರಡೂ ಒಬ್ಬರೇ ಶಿಲ್ಪಿಯವು, ಎರಡೂ ಮುಂದಿನ ಕೋಣೆಯಿಂದಲೇ ಬರೆಸಿದ್ದವು. ಹಳೆಯದರ ಮೊದಲ ಮುದ್ರೆ ಐದು ಎಂಬ ಅಂಕಿಯಲ್ಲಿ ಮುಗಿದಿತ್ತು. ಹೊಸದರದ್ದು ಇಪ್ಪತ್ತಮೂರರಲ್ಲಿ.

“ಅಮ್ಮಾಯಿ, ಇದು ಬೇರೆ ಆಫೀಸಿಂದ ಬಂದಿರೋ ಕಾಗದ ನೋಡು. ಮನೆ ಅದೇ, ಮುದ್ರೆ ಬೇರೆ.”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೊಸ ಕಾರ್ಡು! ಅದನ್ನು ಹಾಕಿದಾಗ ಮುಂದಿನ ಯಂತ್ರಕ್ಕೆ ಹೊಸ ಅಂಕಿ ಬಂದಿತ್ತು. ಸರ್ವರಿನ ಪಟ್ಟಿಯಲ್ಲಿ ಹಳೆಯ ಅಂಕಿಯೇ ಇತ್ತು. ಅದು ಗುರುತು ಸಿಗದೆ ತಳ್ಳಿದ್ದು ನಮ್ಮ ಮನೆಯವರನ್ನೇ. ಎಲ್ಲರದ್ದೂ ಎಂದು ಬರೆದದ್ದನ್ನು ಅಳಿಸಿ, ಪಟ್ಟಿ ಮತ್ತೆ ಬರೆದು, ಐದು ಇದ್ದಲ್ಲಿ ಇಪ್ಪತ್ತಮೂರು ಹಾಕಿದೆ. ಮೊದಲ ದಿನವೇ ಗೊತ್ತಾಗಿದ್ದರೆ ಎರಡು ನಿಮಿಷದ ಕೆಲಸ. ಆಮೇಲೆ ಸರದಿಯಲ್ಲಿ ಕೂತಿದ್ದ ಪೋಲಿ ಪತ್ರಗಳನ್ನೆಲ್ಲ ಒಟ್ಟಿಗೆ ಗುಡಿಸಿ ಬಿಸಾಡಿದೆ.

ಉಳಿದದ್ದು ಕಪ್ಪುಪಟ್ಟಿ. ಅದನ್ನು ಇಟ್ಟುಕೊಂಡವರಿಗೆ ತಪ್ಪು ಒಪ್ಪಿಕೊಂಡು ಬರೆದರೆ ತೆಗೆಯುತ್ತಾರೆ ಎಂದು ಅವರ ವೆಬ್ ಪುಟದಲ್ಲೇ ಇತ್ತು, ಪುಟದಲ್ಲೇ ತುಂಬಿ ಕಳಿಸಬೇಕು. ಸಾರ್ ನಿಂತುಕೊಂಡೇ ಹೇಳುತ್ತಾ ಹೋದರು, ನಾನು ಬೆರಳಚ್ಚು ಮಾಡಿದೆ. ಮಹಾಶಯರೇ ಎಂದು ಶುರುವಾಗಿ, ತಮ್ಮ ವಿಧೇಯ ಸೇವಕ ಎಂದು ಮುಗಿಯುವ ಹಳೇ ಇಲಾಖೆಯ ಇಂಗ್ಲಿಷು. ಸಾರ್ವಜನಿಕರ ಟಪಾಲನ್ನು ಎಚ್ಚರಿಕೆಯಿಂದ ಕಾಯುವುದು ನನ್ನ ಕರ್ತವ್ಯವಾಗಿತ್ತು, ತಪ್ಪಿದ್ದೇನೆ, ತಪ್ಪು ಸಂಪೂರ್ಣ ನನ್ನದು ಎಂದು ಬರೆಸಿ, ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿಸಿದರು. ಅವರ ಹೆಸರು ನನಗೆ ಗೊತ್ತಾದದ್ದು ಆಗಲೇ. ಸಾರ್, ಇಲ್ಲಾದರೂ ನನ್ನ ಹೆಸರು ಇರಲಿ ಎಂದೆ. ಎಲ್ಲ ಕಡೆ ಒಂದೇ ಹೆಸರಿರಬೇಕು, ಇಲ್ಲದಿದ್ದರೆ ಸಂಶಯ ಬರುತ್ತದೆ ಎಂದರು. ಐದೂವರೆಯ ಬಸ್ಸಿಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಬುಧವಾರ ನಮ್ಮ ಹೆಸರು ಪಟ್ಟಿಯಿಂದ ಹೋಯಿತು. ಪಕ್ಕದ ಫೋಟೋ ಮುಟ್ಟಿತು, ಒಪ್ಪಿಗೆ ಬಂತು, ಸ್ವಾಮಿಗೆ ಕಣ್ಣಾಯಿತು. ಇಡೀ ಬೀದಿ ಮದುವೆಯ ಮನೆಯ ಹಾಗೆ ಸಂಭ್ರಮಪಟ್ಟಿತು. ತಿಂಗಳ ಕೊನೆಗೆ ನನ್ನ ಕೆಲಸ ಕಾಯಂ ಆಯಿತು. ನೋಡಬೇಕಾದವರು ಮಾತ್ರ ಅಲ್ಲಿರಲಿಲ್ಲ.

ಆಮೇಲೆ ಒಂದು ದಿನ ಮಾಲೂರಿನಲ್ಲಿ ಇಳಿದು ಅವರ ಮನೆಗೆ ಹೋದೆ. ಸೊಸೆ ಉಪ್ಪಿಟ್ಟು ಕೊಟ್ಟಳು. ಸಾರ್ ಮೊದಲು ಕೇಳಿದ್ದು ಕಾಗದಗಳು ಹೋಗುತ್ತಿವೆಯಾ ಎಂದು. ಹೋಗ್ತಿವೆ ಸಾರ್ ಎಂದೆ. ಅಧ್ಯಕ್ಷರಿಗೆ ನಾನು ನಿಜ ಹೇಳಿಬಿಡುತ್ತೇನೆ, ನೀವು ಮತ್ತೆ ಬನ್ನಿ ಎಂದೆ. ಅವರು ಕೈಯಲ್ಲೇ ಬೇಡ ಎಂದರು.

“ನನಗೆ ಪೆನ್ಷನ್ ಬರುತ್ತೆ ಕಣಮ್ಮ. ನಿಂದು ಈಗಿನ್ನೂ ಶುರು.”

ನಾನು ಒತ್ತಾಯ ಮಾಡಲಿಲ್ಲ. ಸುಳ್ಳು ಹೇಳಿ ಏನು ಪ್ರಯೋಜನ, ಅವರು ಬೇಡ ಎಂದ ಕ್ಷಣ ನನಗೆ ಆದದ್ದು ಸಮಾಧಾನ. ಆ ಸಮಾಧಾನವನ್ನು ಅವರು ನನ್ನ ಮುಖದಲ್ಲಿ ನೋಡಿರಲಿಕ್ಕೂ ಸಾಕು… ಮತ್ತೆ ನಾನು ಆ ಮನೆಗೆ ಹೋಗಲಿಲ್ಲ. ಇವತ್ತು ನಾಳೆ ಎನ್ನುತ್ತಾ ವರ್ಷಗಳಾದವು. ಸಂಘ ಬಿಟ್ಟು ಕೋಲಾರದ ಕಾಲೇಜೊಂದರ ಆಫೀಸಿಗೆ ಸೇರಿದೆ, ಮದುವೆಯಾಯಿತು, ಮಕ್ಕಳಾದರು. ಸಾರ್ ಹೋದ ಸುದ್ದಿ ಬಂದದ್ದು ವೈಕುಂಠ ಸಮಾರಾಧನೆ ಮುಗಿದು ವಾರವಾದ ಮೇಲೆ. ಆಗಲೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಅಂಚೆ ಕಚೇರಿಯಿಂದ ಬಂದ ಮೇಲೆ ಒಂದು ವಾರ ಇದೇ ಗುಂಗು. ಆ ವಾರ ಮುಗಿದ ಭಾನುವಾರ ಶಿವಾರಪಟ್ಟಣದಲ್ಲಿ ಸಂಘದ ಹೊಸ ಕಟ್ಟಡದ ಪೂಜೆ, ಹಳಬಳೆಂದು ನನಗೂ ಕರೆ ಬಂದಿತ್ತು. ಹೋದೆ. ಊಟದ ಪಂಕ್ತಿಯಲ್ಲಿ ಹಳೆಯ ಅಧ್ಯಕ್ಷರು ಸಿಕ್ಕರು, ತುಂಬ ಮುದುಕರಾಗಿದ್ದರು. ಸುತ್ತ ಕೂತವರಿಗೆ ಹಳೇ ಕಥೆ ಹೇಳುತ್ತಿದ್ದರು. ಪೋಸ್ಟಿನ ತಾತ ಒಬ್ಬರು ಕಂಪ್ಯೂಟರನ್ನು ಟಪಾಲು ಡಬ್ಬಿ ಅಂದುಕೊಂಡು ಊರಿನ ಪೋಲಿ ಕಾಗದವನ್ನೆಲ್ಲ ದೇವರ ಹೆಸರಲ್ಲಿ ಹಂಚಿದ ಕಥೆ. ಎಲ್ಲರೂ ನಕ್ಕರು. ಅವರಲ್ಲ, ಅದನ್ನು ಮಾಡಿದ್ದು ನಾನು, ಅವರು ನನಗೋಸ್ಕರ ಸುಳ್ಳು ಹೇಳಿದರು ಎಂದು ಎಲ್ಲರ ಎದುರಿಗೂ ಹೇಳಿಬಿಟ್ಟೆ. ಎಷ್ಟು ವರ್ಷದ ಭಾರ ಅದು, ನಾಲ್ಕು ಮಾತಿನಲ್ಲಿ ಮುಗಿದುಹೋಯಿತು.

ಅಧ್ಯಕ್ಷರು ಹಪ್ಪಳ ಮುರಿಯುತ್ತಾ ನನ್ನ ಮುಖ ನೋಡಿದರು.

“ಅವತ್ತೇ ಗೊತ್ತಿತ್ತು ಬಿಡಮ್ಮ, ಅವರಿಗೆಲ್ಲಿ ಮುಟ್ಟೋಕೆ ಬರ್ತಿತ್ತು ಅದನ್ನ. ಆಮೇಲೆ ಸಿಕ್ಕಿದಾಗೆಲ್ಲ ಅವರೇ ಈ ಕಥೆ ಹೇಳ್ಕೊಂಡು ನಗ್ತಿದ್ರು. ಒಂದ್ಸಲನೂ ನಿನ್ನ ಹೆಸರು ಎತ್ತಲಿಲ್ಲ.”

ಅಷ್ಟು ಹೇಳಿ ಸಾರು ಬಡಿಸುವವನನ್ನು ಕರೆದರು. ನಾನು ಎಲೆ ಮಡಿಸಿ ಎದ್ದುಬಿಟ್ಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಮಾಲೂರು ಬರುವ ಹೊತ್ತಿಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಪಕ್ಕದ ಸೀಟಿನಲ್ಲಿ ಕುಕ್ಕೆ ಇಟ್ಟುಕೊಂಡಿದ್ದ ಹೆಂಗಸು ತೊಡೆಯ ಮೇಲೆ ಕೈಯಿಟ್ಟು, ಯಾರು ಹೋದರಮ್ಮ ಎಂದು ಕೇಳಿದಳು. ನಮ್ಮ ಸಾರ್ ಎಂದೆ. ಅಯ್ಯೋ, ಯಾವಾಗ ಎಂದಳು. ಹನ್ನೊಂದು ವರ್ಷವಾಯಿತು ಎಂದು ಹೇಳಲು ನಾಚಿಕೆಯಾಯಿತು. ಮೊನ್ನೆ ಎಂದೆ.